ಬೆಪ್ಪಾಲೆ ಎಲೆ ಮತ್ತು ಟೈಲರ್ ಆಂಟಿ

ಹೊಲಿದು ಮುಗಿಸಿದ ಬ್ಲೌಸನ್ನು ಅವರು ಹಾಗೇ ಮಡಿಸಿ ಕೊಡುತ್ತಿರಲಿಲ್ಲ. ಬಾಗಿಲ ಬಳಿ ಬೆಳಕಿಗೆ ಹಿಡಿದು, ಒಂದು ಹಳೆಯ ಪೇಂಟ್ ಬ್ರಶ್ಶಿನಿಂದ ಒಳಗೂ ಹೊರಗೂ ಮೆಲ್ಲಗೆ ಸವರುತ್ತಿದ್ದರು. ತೋಳಿನ ಮಡಿಕೆಯಲ್ಲಿ, ಹುಕ್ಕಿನ ಪಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಿಳಿಯ ಹೊಟ್ಟು ಬಿಸಿಲಿನಲ್ಲಿ ಮಿನುಗುತ್ತಾ ನೆಲಕ್ಕೆ ಬೀಳುತ್ತಿತ್ತು. ಅದು ದಾರದ ಚೂರಲ್ಲ, ಬಟ್ಟೆಯ ಧೂಳೂ ಅಲ್ಲ. ಅವರದೇ ಚರ್ಮ. ಕಪ್ಪು ಬಟ್ಟೆಯಾದರೆ ಎರಡೆರಡು ಸಲ ಸವರುತ್ತಿದ್ದರು. ಆಮೇಲೆ ಬ್ಲೌಸನ್ನು ತಿರುವಿ ನನ್ನ ಕೈಗೆ ಕೊಟ್ಟು, "ನಿನ್ನ ಕಣ್ಣು ಚುರುಕು, ಒಂದು ಸಲ ನೋಡೇ ಮಾರಾಯ್ತಿ, ಏನಾದ್ರೂ ಉಳಿದಿದ್ಯಾ?" ಎನ್ನುತ್ತಿದ್ದರು.

ಭದ್ರಾವತಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಇಡೀ ಬೀದಿಗೆ ಅವರು ಟೈಲರ್ ಆಂಟಿ. ಅಂಕಲ್ ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಅವರಿಗೆ ಮಕ್ಕಳಿರಲಿಲ್ಲ. ನನಗೆ ಅಪ್ಪ ಇರಲಿಲ್ಲ. ಅಮ್ಮ ಅಂಗನವಾಡಿ ಮುಗಿಸಿ, ಅಲ್ಲಿಯ ರಿಜಿಸ್ಟರುಗಳನ್ನೆಲ್ಲ ಬರೆದಿಟ್ಟು ಬರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಹಾಗಾಗಿ ಶಾಲೆ ಬಿಟ್ಟ ಮೇಲೆ ನಾನು ಇರುತ್ತಿದ್ದದ್ದು ಆ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ. ನನ್ನ ಓದು, ಬರಹ, ಜಗಳ, ಅಳು ಎಲ್ಲವೂ ಅಲ್ಲೇ. ಅವರು ಮೆಷಿನ್ನಿನ ಜೊತೆ ಮನುಷ್ಯರ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದರು. ದಾರ ತುಂಡಾದರೆ "ಏನಮ್ಮಾ, ಇವತ್ತು ಯಾಕೆ ಮುನಿಸು?" ಎಂದು ಕೇಳುವರು. ತರಕಾರಿ ಗಾಡಿಯ ಅಕ್ಕ ಬಂದರೆ ಆಕೆಯ ಜೊತೆ ಹರಕು ತಮಿಳಿನಲ್ಲಿ ಚೌಕಾಸಿ. ಕೊನೆಗೆ ಇಬ್ಬರೂ ನಕ್ಕು, ಸಕ್ಕರೆ ಸುರಿದ ಚಹಾ ಕುಡಿಯುತ್ತಾ ಬಾಗಿಲಲ್ಲೇ ಅರ್ಧ ಗಂಟೆ ಕೂರುವರು.

ಅವರ ಕಾಯಿಲೆಗೆ ಸೋರಿಯಾಸಿಸ್ ಎಂದು ಹೆಸರು. ಮೊಣಕೈ, ಮೊಣಕಾಲು, ಬೆನ್ನು, ತಲೆ, ಎಲ್ಲೆಂದರಲ್ಲಿ ಚರ್ಮ ಕೆಂಪಗೆ ದಪ್ಪಗಟ್ಟಿ, ಮೇಲೆ ಬೆಳ್ಳಿ ಬಣ್ಣದ ಹೊಟ್ಟು ಏಳುತ್ತಿತ್ತು. ಹೆಚ್ಚಾದ ದಿನಗಳಲ್ಲಿ ಬೆರಳ ಗೆಣ್ಣುಗಳು ಬಿರಿದು, ಸೂಜಿ ಹಿಡಿದರೆ ರಕ್ತ ಒಸರುತ್ತಿತ್ತು. ಬೇಸಗೆಯಲ್ಲೂ ಮುಂಗೈಯವರೆಗೆ ತೋಳಿರುವ ಬ್ಲೌಸು ತೊಡುತ್ತಿದ್ದರು. ಶಿವಮೊಗ್ಗದ ಚರ್ಮದ ಡಾಕ್ಟರು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟಿದ್ದರು. ಪ್ರತಿ ಬುಧವಾರ ರಾತ್ರಿ ಊಟವಾದ ಮೇಲೆ ಅದನ್ನು ನುಂಗುವರು. ಗುರುವಾರ ಇಡೀ ದಿನ ವಾಕರಿಕೆ, ಸುಸ್ತು. ಗೋಡೆಯ ಆಚೆ ಮೆಷಿನ್ ಸದ್ದು ಕೇಳದಿದ್ದರೆ ಅವತ್ತು ಗುರುವಾರ ಎಂದು ನಮ್ಮ ಮನೆಗೆ ಗೊತ್ತಾಗುತ್ತಿತ್ತು. ಆದರೆ ಆ ಮಾತ್ರೆಯಿಂದಲೇ ಕಾಯಿಲೆ ಒಂದು ಹದದಲ್ಲಿ ನಿಂತಿತ್ತು. ಪೂರ್ತಿ ಹೋಗಿರಲಿಲ್ಲ, ಮೀರಿಯೂ ಹೋಗಿರಲಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದಾಗ ಒಬ್ಬರು ಮಗಳ ಮದುವೆಯ ಬ್ಲೌಸು ಹೊಲಿಸಲು ಬಂದರು. ಮಗಳೂ ಜೊತೆಗಿದ್ದಳು. ಆಂಟಿ ಟೇಪ್ ಹಿಡಿದು ಎದ್ದು, ಅಳತೆಗೆಂದು ಹುಡುಗಿಯ ಭುಜದ ಹತ್ತಿರ ಕೈ ತಂದರು. ಆಂಟಿಯ ಬ್ಲೌಸಿನ ತೋಳು ಸ್ವಲ್ಪ ಹಿಂದೆ ಸರಿದು ಮುಂಗೈಯ ಕೆಂಪು ಚರ್ಮ ಕಂಡಿತು. ಆ ತಾಯಿ ಥಟ್ಟನೆ ಮಗಳನ್ನು ಎಳೆದುಕೊಂಡರು. "ಬೇಡ ಬಿಡಿ, ನೆನಪೇ ಇರ್ಲಿಲ್ಲ, ಇನ್ನೊಬ್ರಿಗೆ ಮಾತು ಕೊಟ್ಟಿದ್ವಿ" ಎಂದು ಬಟ್ಟೆಯನ್ನು ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟರು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ಅಂಟೋ ಕಾಯಿಲೆ ಅಲ್ಲ ಅಂತ ಕೂಗಿ ಹೇಳ್ಬೇಕಿತ್ತು ನೀವು" ಎಂದೆ.

ಆಂಟಿ ಟೇಪನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. "ನಂಗೆ ಗೊತ್ತು, ಅವ್ರಿಗೆ ಗೊತ್ತಿಲ್ಲ. ಗೊತ್ತಿಲ್ದೋರ ಮೇಲೆಲ್ಲ ಸಿಟ್ಟು ಮಾಡ್ಕೊಂಡ್ರೆ ಈ ಊರಲ್ಲಿ ನಾನು ಯಾರ ಹತ್ರ ಮಾತಾಡ್ಲಿ ಹೇಳು?" ಎಂದರು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ, "ಮದುಮಗಳ ಬ್ಲೌಸು ಹೊಲ್ದು ಎಷ್ಟು ವರ್ಷ ಆಯ್ತೋ" ಎಂದರು. ಆಮೇಲೆ ಅವರು ಯಾರ ಮೈ ಅಳತೆಯನ್ನೂ ತೆಗೆದುಕೊಂಡದ್ದನ್ನು ನಾನು ನೋಡಲಿಲ್ಲ. ಯಾರೇ ಬಂದರೂ "ಅಳತೆ ಬ್ಲೌಸ್ ಕೊಡಿ, ಸಾಕು" ಎನ್ನುತ್ತಿದ್ದರು. ಅವರು ಮುಟ್ಟಿ ಅಳತೆ ತೆಗೆಯುತ್ತಿದ್ದದ್ದು ನನ್ನೊಬ್ಬಳದೇ.

ಅವತ್ತೇ ನಾನು ನಿರ್ಧಾರ ಮಾಡಿದೆ ಎಂದು ಬರೆದರೆ ಸುಳ್ಳಾದೀತು. ಆದರೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ವಿಷಯ ಆರಿಸಿಕೊಳ್ಳುವಾಗ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಗಿಡಮರಗಳಲ್ಲಿರುವ ಯಾವ ಅಂಶ ಚರ್ಮದ ಉರಿಯೂತವನ್ನು ತಗ್ಗಿಸೀತು ಎಂಬುದನ್ನು ಹುಡುಕುವುದು ನನ್ನ ಕೆಲಸ. ಯಾವ ಗಿಡ ಎಂದು ತೋರಿಸಿಕೊಟ್ಟವರು ಆಂಟಿಯೇ.

"ನಮ್ಮಜ್ಜಿ ಬೆಪ್ಪಾಲೆ ಎಣ್ಣೆ ಮಾಡ್ತಿದ್ರು. ಹಚ್ಚಿದ್ರೆ ಕಡಿತ ಕಡಿಮೆ ಆಗ್ತಿತ್ತು" ಎಂದರು ಒಂದು ದಿನ. ಮುಂದಿನ ಭಾನುವಾರ ನನ್ನನ್ನು ಊರಾಚೆಯ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದರು. ಬಿಳಿ ಹೂವಿನ ಸಣ್ಣ ಮರ. ಎಲೆ ಮುರಿದರೆ ಹಾಲು. ಎಲೆಗಳನ್ನು ಹರಿದು ಕೊಬ್ಬರಿ ಎಣ್ಣೆಯಲ್ಲಿ ಹಾಕಿ, ಗಾಜಿನ ಬಾಟಲಿಯನ್ನು ತಾರಸಿಯ ಬಿಸಿಲಿಗಿಟ್ಟರು. ಕೆಲವು ದಿನಗಳಲ್ಲಿ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗಿತು. ಬಾಟಲಿಯನ್ನು ಎತ್ತಿ ಹಿಡಿದು, "ನೋಡು ನಿನ್ನ ಸೈನ್ಸು" ಎಂದು ಮಕ್ಕಳ ಹಾಗೆ ನಕ್ಕರು. ನನ್ನ ಲ್ಯಾಬ್ ಕೋಟನ್ನು ಹೊಲಿದುಕೊಟ್ಟವರೂ ಅವರೇ. ಬಿಳಿ ಬಟ್ಟೆಯಾದ್ದರಿಂದ ಬ್ರಶ್ಶಿನ ಅಗತ್ಯವೇ ಇಲ್ಲ ಎಂದು ತಮಾಷೆ ಮಾಡಿದ್ದರು.

ಪ್ರಯೋಗಶಾಲೆಯಲ್ಲಿ ಮೂರು ವರ್ಷ ಆ ಎಲೆಯ ಹಿಂದೆ ಬಿದ್ದೆ. ಎಲೆಯ ಸಾರವನ್ನು ಭಾಗ ಭಾಗವಾಗಿ ಬೇರ್ಪಡಿಸಿ, ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳ ಮೇಲೆ ಒಂದೊಂದನ್ನೇ ಪರೀಕ್ಷಿಸಬೇಕು. ಎಷ್ಟೋ ತಿಂಗಳು ಏನೂ ಇಲ್ಲ. ಕೊನೆಗೊಂದು ಭಾಗ ಕೆಲಸ ಮಾಡಿತು. ಕೆರಳಿಸಿದ ಜೀವಕೋಶಗಳು ಅದನ್ನು ಹಾಕಿದಾಗ ತಣ್ಣಗಾದವು. ನನಗೆ ಮಾರ್ಗದರ್ಶಕರಾಗಿದ್ದ ಮೇಡಂ ಫಲಿತಾಂಶವನ್ನು ನೋಡಿ, "ಚೆನ್ನಾಗಿದೆ. ಆದ್ರೆ ಇದು ತಟ್ಟೆ, ಮನುಷ್ಯರ ಮೈ ಅಲ್ಲ. ನೆನಪಿರಲಿ" ಎಂದರು. ನಾನು ಆ ಸಂಜೆ ಬಸ್ಸಿಳಿದವಳೇ ನೇರ ಆಂಟಿಯ ಮನೆಗೆ ಓಡಿದೆ.

"ನಿಮ್ಮ ಚರ್ಮ ಏನೂ ಆಗದೇ ಇದ್ರೂ ಬೆಂಕಿ ಬಿದ್ದಿದೆ ಅಂತ ಕೂಗಾಡುತ್ತೆ ಆಂಟಿ. ಲ್ಯಾಬಿನ ತಟ್ಟೇಲಿ ಬೆಳೆಸಿದ ಚರ್ಮದ ಮೇಲೆ ಈ ಎಲೆಯಲ್ಲಿರೋ ಒಂದು ಅಂಶ ಆ ಕೂಗಾಟ ಕಡಿಮೆ ಮಾಡ್ತು."

ಅವರು ಮೆಷಿನ್ ನಿಲ್ಲಿಸಿದರು. "ತಟ್ಟೇಲಿರೋ ಚರ್ಮಕ್ಕೆ ಆಗಿದ್ದು ಮೈಮೇಲಿರೋದಕ್ಕೂ ಆಗುತ್ತಾ?"

"ಆಗುತ್ತೆ ಆಂಟಿ. ಸ್ವಲ್ಪ ಟೈಮ್ ಬೇಕು ಅಷ್ಟೆ."

ಆಗುತ್ತೆ ಎಂದೆ. ಆಗಬಹುದು ಎನ್ನಲಿಲ್ಲ. ಗೊತ್ತಿಲ್ಲ ಎನ್ನಲಿಲ್ಲ. ಅವರ ಮುಖ ಅರಳುವುದನ್ನು ನೋಡುವ ಆಸೆಗೆ ಆ ಒಂದು ಪದ ನನ್ನ ಬಾಯಿಂದ ಬಂತು. ಎಣ್ಣೆ ಹಚ್ಚಿಕೊಳ್ಳಲೇ ಎಂದು ಕೇಳಿದರು. ಹಚ್ಚಿಕೊಳ್ಳಿ, ತೊಂದರೆಯಿಲ್ಲ ಎಂದೆ. ಮಾತ್ರೆ ಬಿಡಬೇಡಿ ಎಂದು ಹೇಳುವುದು ನನಗೆ ಹೊಳೆಯಲೇ ಇಲ್ಲ.

ಕೆಲವು ವಾರಗಳಲ್ಲಿ ಸ್ಥಳೀಯ ಪತ್ರಿಕೆಯೊಂದರಲ್ಲಿ ನಮ್ಮ ಕೆಲಸದ ಸುದ್ದಿ ಬಂತು. ಬೆಪ್ಪಾಲೆ ಎಲೆಯಲ್ಲಿ ಸೋರಿಯಾಸಿಸ್‌ಗೆ ಮದ್ದು ಸಿಕ್ಕೇಬಿಟ್ಟಿತು ಎಂಬಂಥ ತಲೆಬರಹ. ಮೇಡಂ ಸಿಟ್ಟಾದರು. ನಾವು ಹೇಳಿದ್ದು ಇದಲ್ಲ ಎಂದು ಪತ್ರ ಬರೆದರು. ಅದು ಅಚ್ಚಾಯಿತೋ ಇಲ್ಲವೋ ನಾನು ನೋಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಿತ್ತು. ಪತ್ರಿಕೆ ತಂದು ಆಂಟಿಯ ಕೈಗೆ ಕೊಟ್ಟೆ. ಅವರು ಅದನ್ನು ಬಟ್ಟೆಯ ಕತ್ತರಿಯಿಂದಲೇ ನಾಲ್ಕೂ ಬದಿ ನೇರವಾಗಿ ಕತ್ತರಿಸಿ ಗೋಡೆಗೆ ಅಂಟಿಸಿದರು. ಬಟ್ಟೆ ಕೊಡಲು ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದರು. "ಇವ್ಳು ನಮ್ಮ ಹುಡುಗಿ. ನನಗೋಸ್ಕರ ಕಂಡುಹಿಡ್ದಿದ್ದು."

ಆಮೇಲೆ ನಾನು ಇಲಿಗಳ ಮೇಲಿನ ಪ್ರಯೋಗಕ್ಕೆಂದು ಮೈಸೂರಿಗೆ ಹೋದೆ. ಆರು ತಿಂಗಳು. ಅಲ್ಲಿ ಎಲ್ಲವೂ ಬೇರೆಯಾಯಿತು. ತಟ್ಟೆಯಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ ಅಂಶ ಚರ್ಮದ ಮೇಲೆ ಹಚ್ಚಿದಾಗ ಒಳಗೆ ಇಳಿಯಲೇ ಇಲ್ಲ. ಅಷ್ಟಿಷ್ಟು ಇಳಿದದ್ದೂ ಬೇಗ ಒಡೆದುಹೋಗುತ್ತಿತ್ತು. ಇಲಿಗಳ ಉರಿಯೂತ ತುಸು ತಗ್ಗಿದ ಹಾಗೆ ಕಂಡು ಮತ್ತೆ ಮೊದಲಿನಂತೆಯೇ ಆಗುತ್ತಿತ್ತು. ಪ್ರತಿ ಭಾನುವಾರ ಆಂಟಿಗೆ ಫೋನ್ ಮಾಡುತ್ತಿದ್ದೆ.

"ನಿನ್ನ ಇಲಿಗಳು ಹೇಗಿವೆ?" ಎಂದು ಕೇಳುವರು.

"ಚೆನ್ನಾಗಿವೆ ಆಂಟಿ. ನೀವು ಹೇಗಿದ್ದೀರಿ?"

"ನಂಗೇನು, ಚೆನ್ನಾಗಿದ್ದೀನಿ."

ಇಬ್ಬರೂ ಸುಳ್ಳು ಹೇಳುತ್ತಿದ್ದೆವು. ನನ್ನ ಸೋಲನ್ನು ಹೇಳಿ ಅವರ ಆಸೆ ಮುರಿಯಲು ನನಗೆ ಮನಸ್ಸಾಗಲಿಲ್ಲ. ತಮ್ಮ ಮೈಯ ಸ್ಥಿತಿ ಹೇಳಿ ನನ್ನ ಉತ್ಸಾಹ ಕುಗ್ಗಿಸಲು ಅವರಿಗೂ ಮನಸ್ಸಾಗಲಿಲ್ಲ. ಅಮ್ಮ ಒಮ್ಮೆ ಫೋನಿನಲ್ಲಿ, "ಈಗೀಗ ಗುರುವಾರಾನೂ ಮೆಷಿನ್ ಸದ್ದು ಕೇಳುತ್ತೆ ಕಣೇ, ಆರೋಗ್ಯ ಸುಧಾರಿಸಿದೆ ಅನ್ಸುತ್ತೆ" ಎಂದಳು. ನನಗೆ ಸಂತೋಷವಾಯಿತು. ಗುರುವಾರ ಸುಸ್ತಿಲ್ಲ ಎಂದರೆ ಬುಧವಾರ ಮಾತ್ರೆ ನುಂಗಿಲ್ಲ ಎಂಬ ಸರಳ ಲೆಕ್ಕ, ವಿಜ್ಞಾನ ಓದಿದ ನನಗೆ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಬಂದೆ. ಭದ್ರಾವತಿಯ ಏಪ್ರಿಲ್ ಬಿಸಿಲು. ಮಧ್ಯಾಹ್ನ ಸಿಮೆಂಟಿನ ಮೆಟ್ಟಿಲಿನ ಮೇಲೆ ಬರಿಗಾಲು ಇಡಲಾಗುತ್ತಿರಲಿಲ್ಲ. ಆಂಟಿಯ ಮನೆಯ ಬಾಗಿಲು ಮುಂದಕ್ಕೆಳೆದಿತ್ತು. ತಳ್ಳಿ ಒಳಗೆ ಹೋದರೆ, ಅವರು ಸ್ವೆಟರ್ ತೊಟ್ಟು, ಎರಡು ಕಂಬಳಿ ಹೊದ್ದು, ಹಲ್ಲು ಕಟಕಟಿಸುವ ಹಾಗೆ ನಡುಗುತ್ತಾ ಮಲಗಿದ್ದರು. ಮುಖ, ಕುತ್ತಿಗೆ, ಕೈ ಎಲ್ಲವೂ ಕೆಂಡದ ಬಣ್ಣ. ಎಲ್ಲೂ ಒಂದಿಷ್ಟೂ ಒಳ್ಳೆಯ ಚರ್ಮ ಉಳಿದಿರಲಿಲ್ಲ. ಮೈಯ ಚರ್ಮವೆಲ್ಲ ಒಮ್ಮೆಗೇ ಉರಿದೆದ್ದರೆ ದೇಹಕ್ಕೆ ತನ್ನ ಶಾಖವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣಾರೆ ಕಂಡದ್ದು ಅವತ್ತೇ.

ನನ್ನನ್ನು ನೋಡಿ ಅವರು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳಲು ನೋಡಿದರು. "ಇವತ್ತೇ ಬರ್ತೀಯ ಅಂತ ಹೇಳ್ಲೇ ಇಲ್ವಲ್ಲೇ" ಎಂದರು.

ಅಂಕಲ್ ಆಟೋ ಕರೆಯಲು ಹೊರಟವರು ಬಾಗಿಲಲ್ಲಿ ನಿಂತು ನನಗೆ ಹೇಳಿದರು: "ನಿಂಗೂ ನಿಮ್ಮಮ್ಮಂಗೂ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು. ಮಾತ್ರೆ ಬಿಟ್ಟು ಐದು ತಿಂಗ್ಳಾಯ್ತು. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ, ನಮ್ಮ ಹುಡುಗಿ ಔಷಧೀನ ನಾನೇ ನಂಬ್ಲಿಲ್ಲ ಅಂದ್ರೆ ಬೇರೆ ಯಾರು ನಂಬ್ತಾರೆ ಅಂತಿದ್ಲು."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು. "ಮಾತ್ರೆ ಯಾಕಮ್ಮ ನಿಲ್ಲಿಸಿದ್ರಿ?"

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಆಂಟಿ ನನ್ನನ್ನು ಒಮ್ಮೆ ನೋಡಿ, ಡಾಕ್ಟರ ಕಡೆ ತಿರುಗಿ, "ವಾಕರಿಕೆ ಬರ್ತಿತ್ತು ಡಾಕ್ಟ್ರೇ. ತಡ್ಕೊಳ್ಳೋಕೆ ಆಗ್ಲಿಲ್ಲ" ಎಂದರು.

ಆ ಹೊತ್ತಿನಲ್ಲೂ ನನ್ನ ತಪ್ಪನ್ನು ಮರೆಮಾಚಿದರು. ನಾನೂ ಬಾಯಿ ಬಿಡಲಿಲ್ಲ. ಆಮೇಲೆ ತಡೆಯಲಾರದೆ ಡಾಕ್ಟರನ್ನು ಹೊರಗೆ ಹುಡುಕಿಕೊಂಡು ಹೋಗಿ, ಎಲೆ, ಎಣ್ಣೆ, ಪತ್ರಿಕೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ಎಣ್ಣೆಯಿಂದ ಏನೂ ಆಗಿಲ್ಲ. ಎಣ್ಣೆ ಜೊತೆ ಮಾತ್ರೇನೂ ತಗೊಂಡಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ" ಎಂದು ಹೇಳಿ ಮುಂದಿನ ರೋಗಿಯ ಕಡೆ ಹೋದರು.

ನಾಲ್ಕೈದು ದಿನ ಸ್ವಲ್ಪ ಚೇತರಿಕೆ ಕಂಡಿತು. ನಡುಕ ನಿಂತಿತು. ನರ್ಸ್ ಒಬ್ಬರ ಕೋಟಿನ ತೋಳು ನೋಡಿ, "ಭುಜ ಇಳಿಸಿ ಹೊಲ್ದಿದ್ದಾರೆ, ಪಾಪ, ಕೈ ಎತ್ತೋಕೆ ಕಷ್ಟ" ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆಗ ಧೈರ್ಯ ಮಾಡಿ ಇಲಿಗಳ ವಿಷಯ ಹೇಳಿದೆ. ಔಷಧಿ ಒಳಗೆ ಇಳಿಯಲಿಲ್ಲ, ಒಡೆದುಹೋಯಿತು, ನಾನು ನಿಮಗೆ ಹೇಳಬೇಕಿತ್ತು ಎಂದೆ.

"ನಿನ್ನ ದೊಡ್ಡ ಪುಸ್ತಕ ಬರೀತೀಯಲ್ಲ, ಅದ್ರಲ್ಲಿ ನನ್ನ ವಿಷ್ಯಾನೂ ಬರೀತೀಯಾ?"

"ಬರೀತೀನಿ ಆಂಟಿ."

"ವಾಸಿ ಆಗ್ಲಿಲ್ಲ ಅಂತಾನೇ ಬರಿ. ಮುಚ್ಚಿಡ್ಬೇಡ. ನಾನು ಮುಚ್ಚಿಟ್ಟೆ ನೋಡು, ಏನಾಯ್ತು."

ಅದೇ ಅವರು ನನ್ನ ಜೊತೆ ಆಡಿದ ಕೊನೆಯ ಪೂರ್ತಿ ಮಾತು. ಮರುದಿನ ಜ್ವರ ಬಂತು. ಚರ್ಮ ಬಿರಿದ ಜಾಗಗಳಿಂದ ಸೋಂಕು ರಕ್ತಕ್ಕೆ ಸೇರಿತ್ತು. ಎರಡು ದಿನ ಯಾರನ್ನೂ ಗುರುತಿಸಲಿಲ್ಲ. ಮೂರನೆಯ ದಿನ ಬೆಳಗ್ಗೆ, ಅಂಕಲ್ ಕ್ಯಾಂಟೀನಿನಿಂದ ಬಿಸಿನೀರು ತರಲು ಹೋಗಿದ್ದಾಗ, ಹೋಗಿಬಿಟ್ಟರು. ನನ್ನ ಕೈ ಅವರ ಕೈ ಮೇಲಿತ್ತು. ಹೋದದ್ದು ನನಗೆ ತಿಳಿಯಲೂ ಇಲ್ಲ. ನರ್ಸ್ ಬಂದು ಹೇಳಿದರು.

ಮನೆಗೆ ತಂದಾಗ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಎಷ್ಟೋ ಜನ ಅವರು ಹೊಲಿದ ಬ್ಲೌಸನ್ನೇ ತೊಟ್ಟಿದ್ದರು. ಮೈ ತೊಳೆಯುವ ಹೊತ್ತು ಬಂದಾಗ ಮಾತ್ರ ಯಾರೂ ಮುಂದೆ ಬರಲಿಲ್ಲ. ಒಬ್ಬರು ಸೆರಗನ್ನು ಬಾಯಿಗೆ ಹಿಡಿದು, "ಆಸ್ಪತ್ರೇಲೇ ತೊಳ್ದಿರ್ತಾರಲ್ಲ?" ಎಂದರು. ಅಮ್ಮ ನೀರಿನ ಬಕೆಟ್ ಎತ್ತಿಕೊಂಡಳು. ತರಕಾರಿ ಗಾಡಿಯ ಅಕ್ಕ ಗಾಡಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಬಂದು ಸೀರೆ ಎತ್ತಿ ಕಟ್ಟಿದಳು. ನಾವು ಮೂವರೇ ತೊಳೆದೆವು. ಚರ್ಮ ಒದ್ದೆ ಕಾಗದದ ಹಾಗಿತ್ತು. ಉಜ್ಜುವ ಹಾಗಿರಲಿಲ್ಲ, ಬಟ್ಟೆ ನೆನೆಸಿ ಸುಮ್ಮನೆ ಒತ್ತುತ್ತಾ ಹೋದೆವು. ಆ ಅಕ್ಕ ಇಡೀ ಹೊತ್ತು ತಮಿಳಿನಲ್ಲಿ ಆಂಟಿಯ ಜೊತೆ ಮಾತಾಡುತ್ತಲೇ ಇದ್ದಳು, ಎಂದಿನ ಹಾಗೆ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿರುವವಳಂತೆ.

ನನ್ನ ಪ್ರಬಂಧದ ಕೊನೆಯ ಅಧ್ಯಾಯವನ್ನು ಮೂರು ಸಲ ಬರೆದೆ. ಈ ಅಂಶ ಜೀವಕೋಶಗಳಲ್ಲಿ ಉರಿಯೂತ ತಗ್ಗಿಸಿತು, ಇಲಿಗಳಲ್ಲಿ ಆ ಪರಿಣಾಮ ನಿಲ್ಲಲಿಲ್ಲ, ಇದು ಚಿಕಿತ್ಸೆಯಲ್ಲ. ಕೊನೆಯ ಎರಡು ಪದಗಳನ್ನು ಬರೆಯಲು ನನಗೆ ಒಂದು ವಾರ ಬೇಕಾಯಿತು. ಒಬ್ಬ ರೋಗಿ ಇದನ್ನು ನಂಬಿ ಮಾತ್ರೆ ಬಿಟ್ಟರು, ವಾಸಿಯಾಗಲಿಲ್ಲ, ತೀರಿಕೊಂಡರು ಎಂದೂ ಬರೆದಿದ್ದೆ. ವೈಜ್ಞಾನಿಕ ಪ್ರಬಂಧದಲ್ಲಿ ಅದಕ್ಕೆ ಜಾಗವಿಲ್ಲ ಎಂದು ಮೇಡಂ ಮೆತ್ತಗೆ ಹೇಳಿ ಆ ಸಾಲಿಗೆ ಪೆನ್ಸಿಲ್ ಗೆರೆ ಎಳೆದರು. ಆಂಟಿಗೆ ಕೊಟ್ಟ ಮಾತು ಹಾಗೇ ಬಾಕಿ ಉಳಿಯಿತು. ಈ ಬರಹ ಬರೆಯುತ್ತಿರುವುದು ಅದಕ್ಕಾಗಿಯೇ.

ಈಗ ನಾನು ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆ ಎಲೆಯ ಕೆಲಸವನ್ನೂ ಬಿಟ್ಟಿಲ್ಲ. ಅಂಶವನ್ನು ಚರ್ಮದೊಳಗೆ ಇಳಿಸುವ ದಾರಿ ಹುಡುಕುತ್ತಿದ್ದೇನೆ. ಕಳೆದ ವರ್ಷ ಅಂಕಲ್ ಒಂದು ದಿನ ಹೇಳದೆ ಕೇಳದೆ ಕಾಲೇಜಿಗೆ ಬಂದರು. ಬಹಳ ಇಳಿದುಹೋಗಿದ್ದರು. ಲ್ಯಾಬಿನ ಸ್ಟೂಲಿನ ಮೇಲೆ ಕೂತು, ಬಾಟಲಿಗಳನ್ನೆಲ್ಲ ಒಂದೊಂದಾಗಿ ನೋಡಿದರು.

"ಆ ಎಲೇಲಿ ನಿಜವಾಗ್ಲೂ ಏನಾದ್ರೂ ಇತ್ತಾ ಮಗಳೇ?"

"ಇದೆ ಅಂಕಲ್. ಆದ್ರೆ ಅದು ಔಷಧಿ ಆಗೋಕೆ ಇನ್ನೂ ತುಂಬಾ ವರ್ಷ ಬೇಕು. ಆಗ್ದೇನೂ ಇರಬಹುದು."

"ಇದನ್ನ ಅವ್ಳಿಗೆ ಮೊದ್ಲೇ ಹೇಳಿದ್ಯಾ?"

"ಇಲ್ಲ."

ಅವರು ತಲೆಯಾಡಿಸಿದರು. ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಏಳುತ್ತಾ, "ಇನ್ಮೇಲೆ ಬರೋರಿಗಾದ್ರೂ ಹೇಳು" ಎಂದರು. ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ಹೋದೆ.

ಬರುವವರು ಇದ್ದಾರೆ. ಹಳೆಯ ಸುದ್ದಿಯನ್ನು ಯಾರೋ ಮೊಬೈಲಿನಲ್ಲಿ ಕಳಿಸಿರುತ್ತಾರೆ, ಅದನ್ನು ಹಿಡಿದು ಹುಡುಕಿಕೊಂಡು ಬರುತ್ತಾರೆ. ಉದ್ದ ತೋಳಿನ ಬಟ್ಟೆ ತೊಟ್ಟ ಹೆಂಗಸರು, ಕೈಯನ್ನು ಜೇಬಿನಿಂದ ತೆಗೆಯದ ಗಂಡಸರು. ನಾನು ಅವರ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತೇನೆ, ಇದು ಇನ್ನೂ ಔಷಧಿಯಲ್ಲ, ನಿಮ್ಮ ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ ಎಂದು. ಅವರ ಮುಖ ಇಳಿದುಹೋಗುತ್ತದೆ. ಅದನ್ನು ನೋಡುತ್ತಲೇ ಇನ್ನೊಮ್ಮೆ ಹೇಳುತ್ತೇನೆ. ಟೈಲರ್ ಆಂಟಿಯ ಮುಖ ಹಾಗೆ ಇಳಿಯುವುದನ್ನು ನೋಡುವ ಧೈರ್ಯ ಅವತ್ತು ನನಗೆ ಇದ್ದಿದ್ದರೆ, ಅವರು ಇವತ್ತೂ ಇರುತ್ತಿದ್ದರು.